ಮಧುಮೇಹವುಳ್ಳ ಮಗು ಮತ್ತು ಶಾಲೆ

ನವೆಂಬರ್ 14 ನಮಗೆಲ್ಲ ಮಕ್ಕಳ ದಿನಾಚರಣೆಯೆಂದು ಪರಿಚಿತ. ಅದೇ ದಿನ ವಿಶ್ವ ಮಧುಮೇಹ ದಿನವೂ ಹೌದು. ಇನ್ಸುಲಿನ್ನನ್ನು ಕಂಡುಹಿಡಿದವರಲ್ಲಿ ಪ್ರಮುಖರಾದ ಫ್ರೆಡರಿಕ್ ಬ್ಯಾಂಟಿಂಗ್ ಅವರ ಜನ್ಮದಿನವದು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಸಾವಿನಂಚಿನಲ್ಲಿದ್ದ 14 ವರ್ಷದ ಬಾಲಕನೊಬ್ಬನು ಇನ್ಸುಲಿನ್ ಚುಚ್ಚುಮದ್ದಿನಿಂದ ಚೇತರಿಸಿಕೊಂಡನು. ಅದಕ್ಕೆ ಮೊದಲು ಇಂತಹ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಇಂದು ಅವರು ನಮ್ಮ ಶಾಲೆಗಳಲ್ಲಿ ಎಲ್ಲರಂತೆ ಕುಳಿತು ಕಲಿಯುತ್ತಿದ್ದಾರೆ. ಆದರೆ ಅವರ ಪಕ್ಕದಲ್ಲಿರುವ ನಾವು ಏನನ್ನು ಅರಿತಿರಬೇಕು?

ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಒಂದನೆಯ ವಿಧದ ಮಧುಮೇಹ. ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುವುದರಿಂದ ಇದು ಬರುತ್ತದೆ. ಮಗು ಸಿಹಿ ಹೆಚ್ಚು ತಿಂದದ್ದಾಗಲಿ, ತಂದೆ–ತಾಯಿಗಳ ತಪ್ಪಾಗಲಿ ಇದಕ್ಕೆ ಕಾರಣವಲ್ಲ. ಇದು ಅಂಟುರೋಗವೂ ಅಲ್ಲ. ಈ ಮಕ್ಕಳಿಗೆ ಇನ್ಸುಲಿನ್ ಅನಿವಾರ್ಯ. ಯಾರದೋ ಮಾತು ಕೇಳಿ ಅದನ್ನು ನಿಲ್ಲಿಸಿ ಬೇರೆ ಔಷಧಿ ಕೊಡುವುದು ಪ್ರಾಣಕ್ಕೇ ಅಪಾಯ.

ಇನ್ಸುಲಿನ್, ಆಹಾರ, ಆಟ ಇವು ಮೂರೂ ಹೊಂದಿಕೊಂಡಿರಬೇಕು. ಚುಚ್ಚುಮದ್ದು ಪಡೆದ ಮೇಲೆ ಊಟ ತಡವಾದರೆ ಅಥವಾ ಆಟ ಹೆಚ್ಚಾದರೆ ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿಯಬಹುದು. ಆಗ ಮಗು ಬೆವರುತ್ತದೆ, ಕೈ ನಡುಗುತ್ತದೆ, ಮಂಕಾಗುತ್ತದೆ, ಕಾರಣವಿಲ್ಲದೆ ಸಿಡುಕುತ್ತದೆ. ಪಾಠದಲ್ಲಿ ಗಮನವಿಲ್ಲವೆಂದು ಶಿಕ್ಷಕರು ಗದರಿದರೆ ಅಮೂಲ್ಯವಾದ ನಿಮಿಷಗಳು ಕಳೆದುಹೋಗುತ್ತವೆ. ಕೂಡಲೇ ಸುಮಾರು 15 ಗ್ರಾಂ, ಎಂದರೆ ಮೂರು ಚಿಕ್ಕ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ತೀರ ಚಿಕ್ಕ ಮಕ್ಕಳಿಗೆ ವೈದ್ಯರು ಸೂಚಿಸಿದಷ್ಟು ಸಾಕು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಚಾಕೊಲೇಟಿನಲ್ಲಿರುವ ಕೊಬ್ಬು ಸಕ್ಕರೆಯನ್ನು ನಿಧಾನಗೊಳಿಸುವುದರಿಂದ ಅದು ಇಲ್ಲಿ ಸೂಕ್ತವಲ್ಲ. ಇಂತಹ ಸ್ಥಿತಿಯ ಮಗುವನ್ನು ಒಂಟಿಯಾಗಿ ಎಲ್ಲಿಗೂ ಕಳುಹಿಸಬಾರದು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಾಗಿ ಮಲಗಿಸಿ, 108ಕ್ಕೆ ಕರೆಮಾಡಬೇಕು.

ಸಕ್ಕರೆ ಏರಿದಾಗ ಮಗುವಿಗೆ ಬಾಯಾರಿಕೆಯೂ ಮೂತ್ರದ ಒತ್ತಡವೂ ಹೆಚ್ಚುತ್ತವೆ. ನೀರು ಕುಡಿಯಲು, ಶೌಚಾಲಯಕ್ಕೆ ಹೋಗಲು ತಡೆಯಿರಬಾರದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಪಾಲಕರು ಶಾಲೆ ಆರಂಭವಾಗುವಾಗಲೇ ಮುಖ್ಯೋಪಾಧ್ಯಾಯರನ್ನೂ ತರಗತಿಯ ಶಿಕ್ಷಕರನ್ನೂ ಕಂಡು ವಿಷಯ ತಿಳಿಸಬೇಕು. ಇನ್ಸುಲಿನ್ ಪ್ರಮಾಣ, ಊಟದ ವೇಳೆ, ವೈದ್ಯರ ದೂರವಾಣಿ ಸಂಖ್ಯೆ ಬರೆದ ಹಾಳೆಯೊಂದನ್ನು ಶಾಲೆಯಲ್ಲಿಡಬೇಕು. ಗ್ಲೂಕೋಮೀಟರ್, ಗ್ಲೂಕೋಸ್ ಪುಡಿ, ಬಿಸ್ಕತ್ತುಗಳಿರುವ ಡಬ್ಬಿ ಬೀಗದೊಳಗಲ್ಲ, ಮಗುವಿನ ಕೈಗೆಟಕುವಲ್ಲಿ ಇರಬೇಕು. ಇನ್ಸುಲಿನ್ನನ್ನು ಬಿಸಿಲಿಗೆ ಒಡ್ಡಬಾರದು, ಹೆಪ್ಪುಗಟ್ಟಲೂ ಬಿಡಬಾರದು. ವಿದ್ಯಾರ್ಥಿ ನಿಲಯದಲ್ಲಿರುವ ಮಗುವಿನ ಸಕ್ಕರೆ ರಾತ್ರಿ ನಿದ್ರೆಯಲ್ಲಿಯೂ ಇಳಿಯಬಹುದಾದ್ದರಿಂದ ನಿಲಯಪಾಲಕರಿಗೂ ಸಹವಾಸಿ ಗೆಳೆಯರಿಗೂ ಇದೆಲ್ಲ ತಿಳಿದಿರಬೇಕು.

ಪರೀಕ್ಷೆಯ ಚಿಂತೆಯೂ ಬೇಡ. ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯು 2017ರಲ್ಲಿಯೇ ಈ ಮಕ್ಕಳು ಸಕ್ಕರೆ ಮಾತ್ರೆ, ಹಣ್ಣು, ತಿನಿಸು, ನೀರನ್ನು ಪರೀಕ್ಷಾ ಕೊಠಡಿಗೆ ಒಯ್ಯಲು ಅನುಮತಿಸಿತು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ಸಂರಕ್ಷಣಾ ಆಯೋಗವು 2023ರಲ್ಲಿ, ಶಾಲೆಯಲ್ಲಿ ಇವರಿಗೆ ಸಕ್ಕರೆ ಪರೀಕ್ಷೆ, ಇನ್ಸುಲಿನ್ ಮತ್ತು ಆಹಾರಕ್ಕೆ ಅವಕಾಶವಿರಬೇಕೆಂದು ರಾಜ್ಯಗಳಿಗೆ ಬರೆಯಿತು.

ಆದರೂ ಅನೇಕ ಮನೆಗಳಲ್ಲಿ, ಅದರಲ್ಲಿಯೂ ಹೆಣ್ಣುಮಕ್ಕಳ ವಿಷಯದಲ್ಲಿ, ಮುಂದೆ ಮದುವೆಗೆ ತೊಡಕಾದೀತೆಂದು ಕಾಯಿಲೆಯನ್ನು ಶಾಲೆಗೂ ತಿಳಿಸದೆ ಮುಚ್ಚಿಡುತ್ತೇವೆ. ಮುಚ್ಚಿಟ್ಟ ಮನೆಯ ಮಗು ಗೆಳತಿಯರೆದುರು ಬಿಸ್ಕತ್ತು ತಿನ್ನಲೂ ಅಂಜಿ ನಡುಗುತ್ತ ಕೂರುತ್ತದೆ. ಕುಸಿದು ಬಿದ್ದಾಗ ಏನಾಯಿತೆಂದು ಹೇಳಬಲ್ಲವರು ಬಳಿಯಲ್ಲಿರುವುದಿಲ್ಲ. ಆದ್ದರಿಂದ ಸಂಕೋಚವನ್ನು ಬಿಟ್ಟು ಶಾಲೆಗೆ ತಿಳಿಸೋಣ. ತರಗತಿಯಲ್ಲಿ ಒಬ್ಬ ಶಿಕ್ಷಕರು, ಒಬ್ಬ ಗೆಳತಿ ಅರಿತಿದ್ದರೂ ಮೂರು ಚಮಚ ಸಕ್ಕರೆ ಸಕಾಲಕ್ಕೆ ಒದಗಿ ಒಂದು ಜೀವ ಉಳಿಯುತ್ತದೆ.