ಮನೆಯ ಲೆಕ್ಕ ಅಂಗಡಿಯ ಖಾತೆಯಲ್ಲಿ ಬೇಡ

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿಯ ವರ್ತಕ ಬಾಂಧವರ ಪುಸ್ತಕಗಳನ್ನು ತಪಾಸಿಸುವಾಗ ಒಂದು ಸಂಗತಿ ಪದೇ ಪದೇ ಕಣ್ಣಿಗೆ ಬೀಳುತ್ತದೆ: ಸ್ವಂತ ಮನೆಯ ಕಟ್ಟಡಕ್ಕೆ ಅಂಗಡಿಯ ಸಿ.ಸಿ. ಖಾತೆಯ ಹಣ. ಆ ಹಣದ ಬಡ್ಡಿಯು ವ್ಯಾಪಾರದ ಖರ್ಚೆಂದು ಮಾನ್ಯವಾಗುವುದಿಲ್ಲ. ಸಿಮೆಂಟ್ ವ್ಯಾಪಾರಿಯು ತನ್ನ ಮನೆಗೆ ಬಳಸಿದ ಚೀಲಗಳ ಜಿ.ಎಸ್.ಟಿ. ಇನ್‌ಪುಟ್ ಕ್ರೆಡಿಟ್ಟನ್ನೂ ಹಿಂದಿರುಗಿಸಬೇಕು.

ಗೃಹಸಾಲವನ್ನು ಪ್ರತ್ಯೇಕವಾಗಿ ಪಡೆದು ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡರೆ, ವಾಸದ ಮನೆಯ ಸಾಲದ ಬಡ್ಡಿಯನ್ನು ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ ಆದಾಯದಿಂದ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಈ ಸೌಲಭ್ಯವಿಲ್ಲ. ಸಾಲ ಪಡೆದ ಆರ್ಥಿಕ ವರ್ಷ ಮುಗಿದ ಮೇಲೆ 5 ವರ್ಷದೊಳಗೆ ಕಟ್ಟಡ ಪೂರ್ಣಗೊಳ್ಳದಿದ್ದರೆ ಮಿತಿಯು 30,000 ರೂಪಾಯಿಗೆ ಇಳಿಯುತ್ತದೆ. ತೊಗರಿಯ ಧಾರಣೆ ಏರಲೆಂದು ಕಾಯುತ್ತ ಗಿಲಾವು ನಿಲ್ಲಿಸಿದವರು ಇದನ್ನು ಅವಶ್ಯ ಗಮನಿಸಬೇಕು. ಹಳೆಯ ಮನೆಯ ದುರಸ್ತಿ ಸಾಲಕ್ಕೂ ಮಿತಿ 30,000 ರೂಪಾಯಿಯೇ.

ಇನ್ನು ಕೈಗಡದ ಮಾತು. 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಸಾಲವನ್ನು ನಗದಾಗಿ ಪಡೆದರೆ, ಪಡೆದಷ್ಟೇ ಮೊತ್ತದ ದಂಡಕ್ಕೆ ಗುರಿಯಾಗುವ ಸಂಭವವುಂಟು. ಬೀಗರೇ ಕೊಟ್ಟರೂ ಬ್ಯಾಂಕಿನ ಮೂಲಕವೇ ಪಡೆಯುವುದು ಲೇಸು, ಸಂಕೋಚ ಬೇಡ.

ಕಲ್ಲು, ಉಸುಕು, ಕಬ್ಬಿಣದ ಬಿಲ್ಲುಗಳನ್ನೂ ಗೌಂಡಿಗೆ ಸಂದಾಯವಾದ ಕೂಲಿಯ ರಸೀದಿಗಳನ್ನೂ ಬೇರೆಯೇ ಕಡತದಲ್ಲಿಡಿರಿ. ಮುಂದೆ ಮನೆ ಮಾರಿದಾಗ ಬಂಡವಾಳ ಲಾಭದ ಲೆಕ್ಕದಲ್ಲಿ ನಿರ್ಮಾಣ ವೆಚ್ಚವನ್ನು ರುಜುವಾತುಪಡಿಸಲು ಅವೇ ಬೇಕಾಗುತ್ತವೆ.