ಅವಧಾನವೂ ನೋಟವೂ

ಕರಾವಳಿಯ ಎರ್ಮಾಳಿನ ದಡದಲ್ಲಿ ನಿಂತು ಕಡಲನ್ನು ದಿಟ್ಟಿಸುವ ಮೊಗವೀರ ಹಿರಿಯರಿಗೆ, ಅಲೆಗಳ ಹೊಳಪಿನ ನಡುವೆ ಒಂದೆಡೆ ನೀರು ತುಸು ಕಪ್ಪಿಟ್ಟು ನಡುಗುವುದೂ ಅದರ ಮೇಲೆ ಹಕ್ಕಿಗಳು ಎರಗುವುದೂ ಒಡನೆಯೇ ಗೋಚರವಾಗುತ್ತವೆ. ಪಕ್ಕದಲ್ಲೇ ನಿಂತ ಘಟ್ಟದ ಮೇಲಿನ ಪ್ರವಾಸಿಗೆ ಅಲ್ಲಿ ಬರಿಯ ನೀರಲ್ಲದೆ ಮತ್ತೇನೂ ಕಾಣದು. ಬೂತಾಯಿಯದೋ ಬಂಗುಡೆಯದೋ ಹಿಂಡು ಸಮೀಪಿಸಿತೆಂಬುದನ್ನು ಹೀಗೆ ಅರಿತೇ ಕೈರಂಪಣಿ ಮೀನುಗಾರರು ದೋಣಿಯಲ್ಲಿ ಬಲೆಯನ್ನೊಯ್ದು ಸುತ್ತುಗಟ್ಟಿ, ಅದರ ಎರಡೂ ತುದಿಗಳ ಹಗ್ಗವನ್ನು ದಡದಿಂದ ಎಳೆಯುತ್ತ ಬಂದಿದ್ದಾರೆ. ಇಬ್ಬರ ಅಕ್ಷಿಪಟಲದ ಮೇಲೂ ಬಿದ್ದ ಬಿಂಬ ಒಂದೇ ಆಗಿರಲು ಈ ಭೇದವೆಲ್ಲಿಂದ ಹುಟ್ಟಿತು? ಅಭ್ಯಾಸದಿಂದ ಎಂದರೆ ಸುಳ್ಳಲ್ಲ. ಆದರೆ ಆ ಅಭ್ಯಾಸವು ಮಿದುಳಿನೊಳಗೆ ಯಾವ ದಾರಿಯಿಂದ ಕೆಲಸ ಮಾಡುತ್ತದೆಂಬುದರಲ್ಲಿಯೇ ಸ್ವಾರಸ್ಯವಿರುವುದು.

ಆ ದಾರಿಯೇ ಅವಧಾನ, ಎಂದರೆ ಗಮನ. 1985ರಲ್ಲಿ ಅಮೆರಿಕದ ಮೊರಾನ್ ಮತ್ತು ಡೆಸಿಮೋನ್ ಎಂಬ ವಿಜ್ಞಾನಿಗಳು, ಕಣ್ಣನ್ನು ಒಂದೇ ಬಿಂದುವಿನಲ್ಲಿ ನಿಲ್ಲಿಸುವಂತೆ ಪಳಗಿಸಿದ ಮಂಗಗಳ ಮಿದುಳಿನಲ್ಲಿ, ‘ವಿ4’ ಎಂದು ಕರೆಯಲಾಗುವ ದೃಷ್ಟಿಭಾಗದ ಒಂದೊಂದೇ ನರಕೋಶದ ಮಿಡಿತವನ್ನು ಅಳೆದರು. ಕೆಂಪು ಗೆರೆಗೆ ಬಿರುಸಾಗಿ ಮಿಡಿಯುವ ಕೋಶವೊಂದರ ವ್ಯಾಪ್ತಿಯೊಳಗೆ ಕೆಂಪು ಹಸಿರು ಗೆರೆಗಳೆರಡನ್ನೂ ತೋರಿಸಿ, ಮಂಗದ ಅವಧಾನವನ್ನು ಹಸಿರಿನ ಕಡೆಗೆ ತಿರುಗಿಸಿದಾಗ, ಕೆಂಪು ಗೆರೆ ಇದ್ದಲ್ಲಿಯೇ ಇದ್ದರೂ ಕೋಶದ ಮಿಡಿತ ಬಹಳವಾಗಿ ಕುಗ್ಗಿತು. ಕಣ್ಣು ಕದಲಲಿಲ್ಲ, ಬೆಳಕು ಬದಲಾಗಲಿಲ್ಲ, ಬದಲಾದುದು ಅವಧಾನವೊಂದೇ. ಈ ಬದಲಾವಣೆಯ ಅಪ್ಪಣೆ ಎಲ್ಲಿಂದ ಬರುವುದೆಂಬುದಕ್ಕೂ ಸುಳಿವು ಸಿಕ್ಕಿದೆ: ಕಣ್ಣಿನ ಚಲನೆಯನ್ನು ಆಳುವ, ಹಣೆಯ ಕಡೆಯ ಮಿದುಳಿನ ಭಾಗವನ್ನು ಸೂಕ್ಷ್ಮ ವಿದ್ಯುತ್ತಿನಿಂದ ಕೆಣಕಿದರೆ ಇದೇ ವಿ4ರ ಕೋಶಗಳು ಚುರುಕಾಗುತ್ತವೆಂದು 2003ರಲ್ಲಿ ತಿಳಿದುಬಂದಿತು.

ಈ ಪ್ರಯೋಗಗಳಲ್ಲಿ ಕಂಡುದು ಸ್ಥಳವನ್ನು ಆರಿಸಿಕೊಳ್ಳುವ ಅವಧಾನ. ಹಿಂಡು ಎಲ್ಲಿ ತಲೆದೋರುವುದೆಂದೇ ತಿಳಿಯದ ಕಡಲಿನಲ್ಲಿ ಇದರಿಂದ ಅಷ್ಟಾಗಿ ಉಪಯೋಗವಿಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು; ಆಕ್ಷೇಪ ಸರಿಯೇ. ಅದಕ್ಕೆ ಉತ್ತರ ದೊರೆತುದು 1999ರಲ್ಲಿ, ಜರ್ಮನಿಯ ಪ್ರಯೋಗವೊಂದರಿಂದ: ಒಂದು ದಿಕ್ಕಿನ ಚಲನೆಯ ಮೇಲೆ ಅವಧಾನವಿಟ್ಟ ಮಂಗದಲ್ಲಿ, ಆ ದಿಕ್ಕನ್ನೇ ಮೆಚ್ಚುವ ಕೋಶಗಳು ಅವಧಾನವಿಟ್ಟ ಸ್ಥಳದಿಂದ ದೂರದ ನೋಟಕ್ಕೂ ಹೆಚ್ಚು ಮಿಡಿದವು. ಹುಡುಕಬೇಕಾದ ವಸ್ತುವಿನ ಗುಣವೊಂದನ್ನು ಮನಸ್ಸಿನಲ್ಲಿ ಹಿಡಿದವನಿಗೆ ಇಡೀ ನೋಟವೇ ಆ ಗುಣಕ್ಕಾಗಿ ಸಜ್ಜಾಗುತ್ತದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಸುಪ್ರತಿಮ್ ರೇ, ಶ್ರೀಧರನ್ ದೇವರಾಜನ್ ಮೊದಲಾದವರು ಅವಧಾನದ ಕಾರ್ಯವಿಧಾನವನ್ನು ಶೋಧಿಸುತ್ತಿದ್ದಾರೆ.

ಹೀಗೆ ಒಂದಕ್ಕೇ ಸಜ್ಜಾದ ನೋಟಕ್ಕೆ ತೆರುವ ಬೆಲೆಯೂ ಉಂಟು. ಅದೇ 1999ರಲ್ಲಿ ಸೈಮನ್ಸ್ ಮತ್ತು ಚಾಬ್ರಿಸ್ ಎಂಬವರು ಚೆಂಡಾಟದ ಚಿತ್ರವೊಂದನ್ನು ತೋರಿಸಿ ಚೆಂಡಿನ ಕೈಬದಲನ್ನು ಎಣಿಸಲು ಹೇಳಿದಾಗ, ಆಟಗಾರರ ನಡುವೆ ಗೊರಿಲ್ಲಾ ವೇಷಧಾರಿ ಹಾದುಹೋದುದು ಸುಮಾರು ಅರ್ಧದಷ್ಟು ಜನರಿಗೆ ಕಾಣಲೇ ಇಲ್ಲ.

ಹುಡುಕುವ ಗುಣ ತಿಳಿದಿದ್ದರೆ ಮಾತ್ರ ನೋಟ ಅದಕ್ಕೆ ಸಜ್ಜಾಗುವುದಾದುದರಿಂದ, ಎರ್ಮಾಳಿಗೆ ಹೋದವರು ಮೀನಿನ ಹಿಂಡು ಎಲ್ಲಿದೆಯೆಂದು ಕೇಳಿ ಹಿರಿಯರ ಬೆರಳನ್ನು ನೋಡುತ್ತ ನಿಲ್ಲುವುದಕ್ಕಿಂತ, ಅದು ನೀರಿನಲ್ಲಿ ಹೇಗೆ ಕಾಣುತ್ತದೆಂದು ಕೇಳುವುದು ಲೇಸು.