ವರಾಹವೋ, ಹಿತ್ತಾಳೆಯೋ?

ಹೊಸಪೇಟೆಯಿಂದ ಹಂಪೆಗೆ ಹೋದ ಯಾತ್ರಿಕನ ಮುಂದೆ ಯಾರಾದರೊಬ್ಬನು ಪಾಳುಮಂಟಪದ ನೆರಳಿನಲ್ಲಿ ಬಟ್ಟೆಯ ಗಂಟು ಬಿಚ್ಚಿ, “ಹೊಲ ಉಳುವಾಗ ಸಿಕ್ಕಿದ್ದು ಸ್ವಾಮಿ, ರಾಯರ ಕಾಲದ್ದು” ಎಂದು ಪಿಸುಗುಟ್ಟಿದರೆ ಮರುಳಾಗದಿರುವುದು ಕಷ್ಟ. ಆ ನೆಲದ ಮಹಿಮೆಯೇ ಅಂಥದು!

ಕೃಷ್ಣದೇವರಾಯನ (1509–1529) ನಿಜವಾದ ವರಾಹವನ್ನು ಕಂಡವರು ಮೊದಲು ಬೆರಗಾಗುವುದು ಅದರ ಕಿರಿದಾದ ಗಾತ್ರಕ್ಕೆ. ಅಂಗಿಯ ಗುಂಡಿಯಷ್ಟಿರುವ ಆ ಚಿನ್ನದ ತುಣುಕಿನ ತೂಕ ಸುಮಾರು 3.4 ಗ್ರಾಂ. ಒಂದು ಮುಖದಲ್ಲಿ ಕುಳಿತ ಬಾಲಕೃಷ್ಣ. ಇನ್ನೊಂದರಲ್ಲಿ ನಾಗರಿ ಲಿಪಿಯಲ್ಲಿ ಮೂರು ಸಾಲಾಗಿ ‘ಶ್ರೀ ಪ್ರತಾಪ ಕೃಷ್ಣರಾಯ’. ಅದೇ ಗಾತ್ರದ ಹಿತ್ತಾಳೆಯ ಬಿಲ್ಲೆಯು ಅದರ ಅರ್ಧದಷ್ಟೂ ತೂಗದು. ಹಳೆಯ ನಾಣ್ಯಗಳು ಸುತ್ತಿಗೆಯ ಪೆಟ್ಟಿನಿಂದ ಅಚ್ಚೊತ್ತಿದವು. ನಕಲಿಗಳಲ್ಲಿ ಬಹಳಷ್ಟು ಎರಕ ಹೊಯ್ದವು. ಎರಕದ ಅಂಚಿನಲ್ಲಿ ಕೂಡುಗೆರೆ, ಮೈಮೇಲೆ ಸಣ್ಣ ಕುಳಿಗಳು ಉಳಿದಿರುತ್ತವೆ. ರಾಮಸೀತೆಯರ ಚಿತ್ರವುಳ್ಳ, 1818ರ ಇಸವಿ ಹೊತ್ತ ಈಸ್ಟ್ ಇಂಡಿಯಾ ಕಂಪನಿಯ ‘ಅರ್ಧ ಆಣೆ’ಯಂತೂ ಶುದ್ಧ ಕಲ್ಪನೆ, ಕಂಪನಿಯು ಅದನ್ನು ಟಂಕಿಸಿದ್ದೇ ಇಲ್ಲ.

ನೆನಪಿಗೆಂದು ಹತ್ತಿಪ್ಪತ್ತು ರೂಪಾಯಿ ಕೊಟ್ಟು ಕೊಂಡರೆ ತಪ್ಪೇನಿಲ್ಲ. ಅಸಲಿಯೆಂದು ನಂಬಿ ಸಾವಿರಗಟ್ಟಲೆ ತೆತ್ತಾಗಲೇ ತೊಡಕು. ಹೊಲದ ಕಥೆ ಸುಳ್ಳಾದರೆ ಹಣ ಹೋಯಿತು. ನಿಜವಾದರೋ ಇನ್ನೂ ಪೇಚು. ನೆಲದಲ್ಲಿ ದೊರೆತ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸದೆ ಮಾರುವುದು ಅಪರಾಧ. 1972ರ ಕಾಯಿದೆಯಂತೆ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ವಿದೇಶಕ್ಕೆ ಒಯ್ಯುವಂತೆಯೂ ಇಲ್ಲ.

ಹಂಪೆಗೆ ಸಮೀಪದ ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ವಿಜಯನಗರದ ಅಸಲಿ ನಾಣ್ಯಗಳನ್ನು ಕಣ್ಣಾರೆ ಕಾಣಬಹುದು. ಗಂಟು ಬಿಚ್ಚುವವನು ಎದುರಾಗುವ ಮೊದಲೇ ಅಲ್ಲಿಗೆ ಹೋಗಿಬರುವುದು ಲೇಸು. ಶುಕ್ರವಾರ ಮಾತ್ರ ಅದಕ್ಕೆ ರಜೆ.